ಸಮುದ್ರದೂರಿನಲ್ಲಿ ಹಲ್ಲಿಲ್ಲದವರ ಊಟ

ನಮ್ಮ ಕಡೆಯವರು ಘಟ್ಟ ಇಳಿದಾಗಲೆಲ್ಲ ಊಟದ ವಿಷಯದಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಮಂಗಳೂರಿಗೆ ಹೋಗುವವರು ಅಲ್ಲಿ ಎಲ್ಲಿ, ಏನು ತಿನ್ನಬೇಕೆಂದು ಈಗಲೂ ನನ್ನನ್ನು ಕೇಳುತ್ತಾರೆ. ನನಗೆ ಗೊತ್ತಿರುವುದೆಲ್ಲ ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಕಲಿತದ್ದು. ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಹುಣಸೂರಿನಿಂದ ಮೂವರು ಹೋಗಿದ್ದೆವು: ನಾನು, ಸಾಹೇಬರೆಂದು ನಾವು ಕರೆಯುತ್ತಿದ್ದ ಹಿಂದಿ ಮೇಷ್ಟ್ರು, ಮತ್ತು ನಿವೃತ್ತಿಗೆ ಎರಡೇ ತಿಂಗಳಿದ್ದ ಗಣಿತದ ಮೇಷ್ಟ್ರು.

ಗಣಿತದ ಮೇಷ್ಟ್ರು ಸಮುದ್ರ ಕಂಡವರಲ್ಲ. ಹೊರಡುವ ಹಿಂದಿನ ವಾರ ಮೈಸೂರಿನ ಹಲ್ಲಿನ ಡಾಕ್ಟರು ಅವರ ಬಾಯಲ್ಲಿ ಉಳಿದಿದ್ದ ಏಳು ಹಲ್ಲುಗಳನ್ನೂ ಕಿತ್ತು, ಹೊಸ ಹಲ್ಲುಸೆಟ್ಟಿಗೆ ಒಂದು ತಿಂಗಳು ಕಾಯಲು ಹೇಳಿದ್ದರು. ಊರಿನಲ್ಲಿ ಇದರಿಂದ ತೊಂದರೆಯಾಗಲಿಲ್ಲ. ಮುದ್ದೆಯನ್ನು ನುಂಗುವುದಷ್ಟೇ, ಹಲ್ಲಿಗೆ ಅಲ್ಲಿ ಕೆಲಸವಿಲ್ಲ. ಹೋಗಬೇಡಿ ಎಂದವರಿಗೆ ಅವರು ಹೇಳಿದ್ದು ಒಂದೇ ಮಾತು: "ಇನ್ನು ಯಾವ ಸರ್ಕಾರ ನನ್ನ ಸಮುದ್ರಕ್ಕೆ ಕಳಿಸ್ತದೆ?"

ಸಮುದ್ರ ನೋಡಲು ನಮಗೆ ಬಿಡುವು ಇದ್ದದ್ದು ಭಾನುವಾರ ಮಾತ್ರ. ತಲುಪಿದ್ದು ಸೋಮವಾರ.

೧. ಕುಚಲಕ್ಕಿ

ಮೊದಲ ದಿನ ಹೋಟೆಲಿನಲ್ಲಿ ಕೆಂಪು ಕುಚಲಕ್ಕಿ ಅನ್ನ ಬಂತು. ಮೇಷ್ಟ್ರು ಅದನ್ನು ಹಿಸುಕಿ, ತಿರುಗಿಸಿ, ಉಂಡೆ ಕಟ್ಟಲು ನೋಡಿದರು. ಆ ಅನ್ನದ ಒಂದೊಂದು ಅಗುಳಿಗೂ ಅದರದೇ ಸ್ವಾಭಿಮಾನ. ಕೊನೆಗೆ ಬಡಿಸುವವರನ್ನು ಕರೆದು, ಇದನ್ನು ಇನ್ನೊಂದು ಸಲ ಬೇಯಿಸಬಹುದೇ ಎಂದು ವಿನಯದಿಂದ ಕೇಳಿದರು.

"ಭತ್ತದಲ್ಲಿ ಒಮ್ಮೆ ಬೆಂದಿದೆ, ಪಾತ್ರೆಯಲ್ಲಿ ಒಮ್ಮೆ ಬೆಂದಿದೆ ಮಾರಾಯ್ರೆ," ಎಂದರು ಅವರು. "ಮೂರನೇದು ನಿಮ್ಮ ಹೊಟ್ಟೆಯೇ ಮಾಡ್ಲಿ."

೨. ಬಂದರಿನ ಹೋಟೆಲು

ಬಂದರಿನ ಬಳಿಯ ಬ್ಯಾರಿ ಮುಸ್ಲಿಮರ ಹೋಟೆಲಿಗೆ ಸಾಹೇಬರು ನಮ್ಮನ್ನು ಕರೆದೊಯ್ದರು. ನಮ್ಮವರದು, ಮಾತು ನನಗೆ ಬಿಡಿ ಎಂದರು. ಮೇಷ್ಟ್ರ ಬಾಯಿಯನ್ನು ಮತ್ತೆ ಮತ್ತೆ ತೋರಿಸುತ್ತ, ಮೆತ್ತಗಿರುವುದು ಏನಾದರೂ ಬೇಕೆಂದು ಚೊಕ್ಕ ಉರ್ದುವಿನಲ್ಲಿ ಬಹಳ ಹೊತ್ತು ವಿವರಿಸಿದರು. ಮಾಲೀಕರು ಗೌರವದಿಂದ ಕೇಳಿ, ತಮಗೆ ಉರ್ದು ಬರುವುದಿಲ್ಲ ಎಂದು ಕನ್ನಡದಲ್ಲಿ ಹೇಳಿದರು. ಆದರೂ ಸಂಕಟ ಅರ್ಥವಾಯಿತು ಎಂದು ಒಳಗೆ ಹೋಗಿ, ಸಾಸರಿನಲ್ಲಿ ಎರಡು ಲವಂಗ ತಂದಿಟ್ಟರು.

"ನೋಯುವ ಹಲ್ಲಿನಡಿ ಒತ್ತಿ ಹಿಡೀರಿ."

ಮೇಷ್ಟ್ರು ಲವಂಗ ನೋಡಿದರು, ನನ್ನನ್ನು ನೋಡಿದರು. "ಎಲ್ಲಿ ಮಡಗ್ಲಿ ಕಣಯ್ಯ?"

೩. ನೀರುದೋಸೆ

ಗುರುವಾರ ನೀರುದೋಸೆ ಸಿಕ್ಕಿತು. ಕರವಸ್ತ್ರದಂತೆ ಮಡಚಿಟ್ಟದ್ದು, ಬಾಯಿಗಿಟ್ಟರೆ ತಾನೇ ಒಳಗೆ ಹೋಗುವಂಥದ್ದು. ಮೇಷ್ಟ್ರು ಹನ್ನೊಂದು ತಿಂದರು. ನಾವು ಗೆದ್ದೆವು ಎಂದುಕೊಂಡೆವು. ಒಂದು ಗಂಟೆ ಕಳೆಯುವಷ್ಟರಲ್ಲಿ ಅವರು ಪೇಪರು ಪಕ್ಕಕ್ಕಿಟ್ಟು, ಮತ್ತೆ ಹಸಿವು ಎಂದರು.

ಶನಿವಾರ ಬೆಳಿಗ್ಗೆ ಅವರು ಹಾಸಿಗೆ ಸುತ್ತಿದರು. "ಸಂಜೆ ಬಸ್ಸಿಗೆ ಹೊಂಟೋಯ್ತೀನಿ ಬುಡು. ಸಮುದ್ರ ಎಲ್ಲಿಗೂ ಹೋಗಕಿಲ್ಲ."

ತಾವು ಮತ್ತೆ ಬರುವುದಿಲ್ಲ ಎಂಬುದನ್ನು ಹೇಳಲಿಲ್ಲ.

೪. ರಾಗಿ

ಸಾಹೇಬರು ಅಂಗಡಿ ಅಂಗಡಿ ಅಲೆದು ರಾಗಿಹಿಟ್ಟು ಹುಡುಕಿದರು. ಆ ಊರಿನಲ್ಲಿ ರಾಗಿ ಕೊಳ್ಳುವುದು ಹಾಲುಗೂಸಿಗೆ ಮಣ್ಣಿ, ಅಂದರೆ ರಾಗಿಗಂಜಿ, ಕಾಸಲು ಮಾತ್ರ. ಅಂಗಡಿಯವರು ಕನಿಕರದಿಂದ, ಹಲ್ಲು ಬಂದಿದೆಯಾ ಎಂದು ವಿಚಾರಿಸಿದರು. ಸಾಹೇಬರು ಸುಳ್ಳು ಹೇಳುವವರಲ್ಲ. ಇಲ್ಲ, ಇನ್ನೊಂದು ತಿಂಗಳಾಗುತ್ತದಂತೆ ಎಂದರು. ತಾಯಿ? ತೀರಿಕೊಂಡಿದ್ದಾರೆ. ನೋಡಿಕೊಳ್ಳುವವರು? ನಾವಿಬ್ಬರು ಗಂಡಸರೇ, ಶಾಲೆಯ ಕೋಣೆಯಲ್ಲಿದ್ದೇವೆ.

ಇಳಿದುಕೊಂಡಿದ್ದ ಆ ಕೋಣೆಯಲ್ಲೇ ಸ್ಟೌ ಹಚ್ಚಿದೆವು. ಮುದ್ದೆಕೋಲು ಇರಲಿಲ್ಲ, ಕರಿಹಲಗೆಯ ಮರದ ಸ್ಕೇಲನ್ನೇ ತೊಳೆದು ತಿರುವಿದೆವು. ಮೇಷ್ಟ್ರು ಮೊದಲ ತುತ್ತು ಸಾರಿನಲ್ಲಿ ಅದ್ದಿ ನುಂಗಿ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಬಾಗಿಲಲ್ಲಿ ಅಂಗಡಿಯವರ ತಾಯಿ, ಎಂಬತ್ತರ ಅಜ್ಜಿ, ಒಂದು ಕೈಯಲ್ಲಿ ತುಪ್ಪ, ಇನ್ನೊಂದರಲ್ಲಿ ಗಿಲಕಿ.

"ತಬ್ಬಲಿ ಮಗು ಎಲ್ಲುಂಟು?"

ಸಾಹೇಬರು ಬಹಳ ಸಂಕೋಚದಿಂದ ಮೇಷ್ಟ್ರನ್ನು ತೋರಿಸಿದರು.

ಅಜ್ಜಿ ಅವರನ್ನೇ ನೋಡಿದರು. ಬೋಳು ಒಸಡು, ಐದೇ ದಿನಕ್ಕೆ ಒಳಗೆ ಹೋದ ಕೆನ್ನೆ, ಆತುರಕ್ಕೆ ಹತ್ತಿದ ಬಿಕ್ಕಳಿಕೆ. ಪಕ್ಕದಲ್ಲಿ ಕುಳಿತು, ಮುದ್ದೆಯ ಮೇಲೆ ತುಪ್ಪ ಸುರಿದು, ತೇಗು ಬರುವವರೆಗೂ ಅವರ ಬೆನ್ನು ತಟ್ಟಿದರು. ಮೇಷ್ಟ್ರು ಸುತ್ತಿದ್ದ ಹಾಸಿಗೆಯನ್ನು ಕಾಲಿನಿಂದ ಮೆಲ್ಲಗೆ ಬಿಚ್ಚಿದರು.

ನಾಳೆ ಇವರಿಗೆ ಸಮುದ್ರ ತೋರಿಸುತ್ತೇವೆ ಎಂದೆ ನಾನು.

"ತೋರ್ಸಿ," ಎಂದರು ಅಜ್ಜಿ, ಏಳುತ್ತ. "ನೀರಿಗೆ ಮಾತ್ರ ಇಳಿಸ್ಬೇಡಿ. ಹಲ್ಲು ಬರುವ ಸಮಯ, ಶೀತ ಆಗ್ತದೆ."