ಬಿಸ್ಕತ್ತಿಗೊಂದು ಅಫಿಡವಿಟ್ಟು

ಹೊಳಲ್ಕೆರೆಯ ನಮ್ಮ ಸಮುದಾಯ ಭವನಕ್ಕೆ ನಾನು ಕಾರ್ಯದರ್ಶಿ. ಅದಕ್ಕೂ ಮೊದಲು ಇದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಈ ಎರಡು ಅರ್ಹತೆ ಇರುವವನಿಗೆ ಜಗತ್ತಿನಲ್ಲಿ ಬಾರದ ಕೆಲಸ ಯಾವುದಿದೆ ಹೇಳಿ?

ಹೋದ ವರ್ಷ ಭವನದ ಚಾವಣಿ ರಿಪೇರಿ ಮಾಡಿಸಿದೆವು. ಕಂಟ್ರಾಕ್ಟರ್ ದಾದಾಪೀರ್, ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಕೊಟ್ಟ ಹಣದಲ್ಲಿ ಒಂದಿಷ್ಟು ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಿದ್ದೂ ಆಗಿತ್ತು. ಇನ್ನು ಆ ವಿವರವನ್ನು ಕಂಪ್ಯೂಟರಿನಲ್ಲಿ ಫಾರಂ ತುಂಬಿ ಕಳಿಸುವುದೊಂದೇ ಬಾಕಿ. ಅಧ್ಯಕ್ಷರು ಚಿತ್ರದುರ್ಗದ ಆಡಿಟರಿಗೆ ಕೊಡೋಣ ಎಂದರು. ನಾನು ನಕ್ಕುಬಿಟ್ಟೆ. ಸಂಧಿ ಬಿಡಿಸಿದವನಿಗೆ, ಸಮಾಸ ಬಿಡಿಸಿದವನಿಗೆ ಒಂದು ಫಾರಂ ಬಿಡಿಸುವುದು ಕಷ್ಟವೇ!

ಸೋಮವಾರ ಬೆಳಿಗ್ಗೆ ದಾದಾಪೀರ್ ಮನೆಗೆ ಬಂದ. ಆದಿವಾಲದಲ್ಲಿ ಒಂದು ಶಾಲೆಯ ಕಾಂಪೌಂಡಿಗೆ ಟೆಂಡರ್ ಕರೆದಿದ್ದಾರಂತೆ. ಹಿಂದಿನ ಕೆಲಸದ ತೆರಿಗೆ ಫಾರಂ ಹೋದದ್ದಕ್ಕೆ ರಸೀತಿ ಲಗತ್ತಿಸಬೇಕಂತೆ. ಶುಕ್ರವಾರ ಸಂಜೆ ಐದಕ್ಕೆ ಕೊನೆ. ಅವನ ಹತ್ತು ಜನ ಕೆಲಸಗಾರರು ತಿಂಗಳಿಂದ ಕೈ ಕಟ್ಟಿಕೊಂಡು ಕೂತಿದ್ದರು. ಇದೊಂದು ಸಿಕ್ಕರೆ ಅವರನ್ನು ಉಳಿಸಿಕೊಳ್ಳಬಹುದು, ಇಲ್ಲದಿದ್ದರೆ ಬೇರೆ ಮೇಸ್ತ್ರಿಯ ಹಿಂದೆ ಹೋಗಿಬಿಡುತ್ತಾರೆ ಎಂದ. ಮಧ್ಯಾಹ್ನದೊಳಗೆ ರಸೀತಿ ನಿನ್ನ ಕೈಯಲ್ಲಿ ಎಂದು ಮಾತು ಕೊಟ್ಟು ಕಳಿಸಿದೆ.

ಫಾರಂ ತುಂಬಿದೆ. ಒಂದೇ ಒಂದು ಕಾಗುಣಿತ ತಪ್ಪಿಲ್ಲ. ಕೊನೆಯ ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಸ್ನಾನ ಮುಗಿಸಿ ಬಂದೆ, ತಿರುಗುತ್ತಿತ್ತು. ಊಟ ಮುಗಿಸಿ ಬಂದೆ, ಆಗಲೂ ತಿರುಗುತ್ತಿತ್ತು. ಸಹಾಯವಾಣಿಗೆ ಫೋನ್ ಹಚ್ಚಿದೆ. ಬೆಂಗಳೂರಿನ ಹುಡುಗಿಯೊಬ್ಬಳು ತುಂಬಾ ವಿನಯದಿಂದ ಹೇಳಿದಳು:

"ಸಾರ್, ಮೊದಲು ಕ್ಯಾಶ್ ಕ್ಲಿಯರ್ ಮಾಡಿ. ಆಮೇಲೆ ಕುಕೀಸ್ ತೆಗೀರಿ. ಹಳೇ ಹಿಸ್ಟರಿ ಎಲ್ಲಾ ತೆಗೀರಿ. ಆಮೇಲೆ ಹೋಗುತ್ತೆ."

ಮೂರನ್ನೂ ಚೀಟಿಯಲ್ಲಿ ಬರೆದುಕೊಂಡೆ. ನಮ್ಮ ವ್ಯವಹಾರವೆಲ್ಲ ಚೆಕ್ಕಿನಲ್ಲಿ. ಕ್ಯಾಶ್ ಎಲ್ಲಿಂದ ಬಂತು? ಖರ್ಚಿನ ಪುಸ್ತಕ ತಿರುವಿ ಹಾಕಿದೆ. ಸಿಕ್ಕಿತು! "ಕೆಲಸಗಾರರ ಚಹಾ-ಬಿಸ್ಕತ್ತಿಗೆ, ನಗದು, ಇನ್ನೂರ ಅರವತ್ತು ರೂಪಾಯಿ." ನನ್ನದೇ ದುಂಡು ಅಕ್ಷರ. ಕುಕೀಸ್ ಅಂದರೆ ಏನು ಎಂದು ಹೆಂಡತಿ ಗಿರಿಜಳನ್ನು ಕೇಳಿದೆ. ಬಿಸ್ಕತ್ತೇ ಅಲ್ಲವೇ, ಬೇಕರಿಯಲ್ಲಿ ಹಾಗೇ ಬರೆದಿರುತ್ತಾರೆ ಎಂದಳು. ಬೆಂಗಳೂರಿನಲ್ಲಿ ಕೂತವರಿಗೆ ಹೊಳಲ್ಕೆರೆಯ ಬಿಸ್ಕತ್ತು ಕಾಣಿಸಿದೆ ಎಂದರೆ, ಈ ಸರ್ಕಾರದ ಕಣ್ಣು ಸಾಮಾನ್ಯದ್ದಲ್ಲ.

ತಕ್ಷಣ ದಾದಾಪೀರನಿಗೆ ಫೋನ್ ಮಾಡಿ ವಿಷಯ ವಿವರಿಸಿದೆ. ಕ್ಯಾಶ್ ಕ್ಲಿಯರ್ ಆಗಬೇಕು, ಕುಕೀಸ್ ತೆಗೆಯಬೇಕು, ಬಿಸ್ಕತ್ತಿನ ಹಣ ವಾಪಸ್ಸು ಬರದೆ ಕೆಲಸ ಆಗದು ಎಂದೆ. ಆ ಕಡೆ ಅವನು ಎರಡು ಸಲ ಕೆಮ್ಮಿದ. ಪಾಪ, ದುಡ್ಡಿಗೆ ಕಷ್ಟವೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ, "ಆಯ್ತು ಸಾರ್, ಎಷ್ಟಾಗ್ತೈತೆ ಹೇಳ್ರಿ, ಕಳಿಸ್ತೀನಿ" ಎಂದ. ಕಳಿಸಿಯೂ ಬಿಟ್ಟ. ಇಂಥ ಶಿಷ್ಯರನ್ನು ಪಡೆಯಲು ಪುಣ್ಯ ಮಾಡಿರಬೇಕು.

ಮಂಗಳವಾರ, ಬುಧವಾರ ಹಿಸ್ಟರಿಗೆ ಹೋದವು. ಹಳೆಯದೆಲ್ಲ ತೆಗೆಯಿರಿ ಎಂದಿದ್ದಾರಲ್ಲ, ಅಟ್ಟದಿಂದ ಟ್ರಂಕು ಇಳಿಸಿ ಎಲ್ಲ ಹೊರಗೆ ತೆಗೆದೆ. ಭವನದ ಜಾಗ ದಾನ ಬಂದ ದಿನದಿಂದ ಹಿಡಿದು ಠರಾವು ಪುಸ್ತಕಗಳು, ಇಲಿ ತಿಂದ ರಸೀತಿಗಳು, ಹಿಂದಿನ ಕಾರ್ಯದರ್ಶಿಯ ಜಗಳದ ಪತ್ರಗಳು. ಸೀನಿ ಸೀನಿ ಮೂಗು ಕೆಂಪಾಯಿತು. ಎಲ್ಲವನ್ನೂ ಕ್ರೋಡೀಕರಿಸಿ "ನಮ್ಮ ಭವನ ನಡೆದುಬಂದ ದಾರಿ" ಎಂದು ಹನ್ನೊಂದು ಪುಟ ಬರೆದೆ. ಪೀಠಿಕೆ ಬಹಳ ಚೆನ್ನಾಗಿ ಬಂದಿತ್ತು. ಗಿರಿಜಳಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಎರಡನೇ ಪುಟಕ್ಕೇ ತೂಕಡಿಸಿದಳು.

ಗುರುವಾರ ನೋಟರಿ. ಬಾಯಿಮಾತಿನಲ್ಲಿ ಕ್ಯಾಶ್ ಕ್ಲಿಯರ್ ಎಂದರೆ ಸರ್ಕಾರ ನಂಬುತ್ತದೆಯೇ? ಛಾಪಾ ಕಾಗದದ ಮೇಲೆ ನಾನೇ ಒಕ್ಕಣೆ ಸಿದ್ಧಪಡಿಸಿದೆ. "ಸದರಿ ಬಿಸ್ಕತ್ತುಗಳ ಮೊಬಲಗು ಪೂರ್ತಿ ಸಂದಾಯವಾಗಿದ್ದು, ಇನ್ನು ಮುಂದೆ ಸದರಿ ಬಿಸ್ಕತ್ತುಗಳ ಮೇಲೆ ಉಭಯ ಪಕ್ಷದವರಿಗೂ ಯಾವುದೇ ಹಕ್ಕು ಇರುವುದಿಲ್ಲವೆಂದು ಪ್ರಮಾಣೀಕರಿಸುತ್ತೇವೆ." ದಾದಾಪೀರ್ ಟೆಂಡರಿನ ಓಡಾಟ ಬಿಟ್ಟು ಬಂದು, ತಲೆ ತಗ್ಗಿಸಿ, ಎರಡೂ ಪ್ರತಿಗೆ ಸಹಿ ಹಾಕಿದ. ಏನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ. ನೋಟರಿಯವರು ಕನ್ನಡಕ ತೆಗೆದು ಒರೆಸಿ ಎರಡು ಸಲ ಓದಿದರು. ತಿಂದು ಮುಗಿಸಿದ ಬಿಸ್ಕತ್ತಿಗೆ ಮೊಹರು ಹಾಕುತ್ತಿರುವುದು ಇದೇ ಮೊದಲು ಎಂದರು. ಹೊಗಳಿದರು ಅಂತಲೇ ತಿಳಿದೆ.

ಶುಕ್ರವಾರ ಮೂರು ಗಂಟೆಗೆ ದಾದಾಪೀರನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲ ಕಾಗದ ಕಂಪ್ಯೂಟರಿನ ಮುಂದೆ ಹರಡಿ, ಗುಂಡಿ ಒತ್ತಿದೆ. ಚಕ್ರ ತಿರುಗಿತು. ಮೂರೂವರೆಗೂ ತಿರುಗುತ್ತಿತ್ತು. ಕೋಪ ನೆತ್ತಿಗೇರಿತು. ಸಹಾಯವಾಣಿಗೆ ಫೋನ್ ಮಾಡಿ ಗದರಿದೆ. ಕ್ಯಾಶ್ ಕ್ಲಿಯರ್ ಆಗಿದೆ, ಕುಕೀಸಿಗೆ ನೋಟರಿ ಆಗಿದೆ, ಹಿಸ್ಟರಿ ಹನ್ನೊಂದು ಪುಟ ಇದೆ, ಇನ್ನೇನು ಬೇಕು ನಿಮಗೆ ಎಂದೆ. ಆ ಹುಡುಗಿ ಮೇಲಧಿಕಾರಿಗೆ ಕೊಡುತ್ತೇನೆ ಎಂದು ಸಂಗೀತ ಹಾಕಿದಳು. ಸಂಗೀತ ಮುಗಿಯಲೇ ಇಲ್ಲ.

ನಾಲ್ಕು ಹೊಡೆಯಿತು. ದಾದಾಪೀರ್ ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ಗಡಿಯಾರ ನೋಡಿದ, ನನ್ನನ್ನು ನೋಡಿದ, ಮತ್ತೆ ಗಡಿಯಾರ ನೋಡಿದ.

"ಸಾರ್, ತಪ್ಪು ತಿಳ್ಕಬ್ಯಾಡ್ರಿ. ಒಂದ್ ನಿಮಿಷ ಈ ಕಡೆ ಕುಂತ್ಕಳ್ರಿ."

ನಾನು ಎದ್ದೆ. ಅವನು ನನ್ನ ಕುರ್ಚಿಯ ತುದಿಯಲ್ಲಿ ಕೂತು ಒಟ್ಟಿಗೆ ಮೂರು ಕೀಲಿ ಒತ್ತಿದ. ಪರದೆಯ ಮೇಲೆ ಸಣ್ಣ ಪಟ್ಟಿಯೊಂದು ಬಂತು. ಕನ್ನಡಕ ಸರಿಮಾಡಿಕೊಂಡು ಓದಿದೆ. ಹಿಸ್ಟರಿ. ಕುಕೀಸ್. ಕ್ಯಾಶ್. ಮೂರೂ ಅಲ್ಲೇ ಇದ್ದವು, ನನ್ನದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂಡಿಕೊಂಡ ಕಸ! ಒಂದು ಗುಂಡಿ ಒತ್ತಿದ, ಅಳಿಸಿಹೋಯಿತು. ಮತ್ತೆ ಫಾರಂ ತೆರೆದು ಕಳಿಸಿದ. ಚಕ್ರ ಒಂದು ಸುತ್ತೂ ಪೂರ್ತಿ ಹಾಕಲಿಲ್ಲ, ರಸೀತಿ ಬಂದೇ ಬಂತು. ಹತ್ತು ನಿಮಿಷದಲ್ಲಿ ಅಲ್ಲೇ ಕೂತು ಟೆಂಡರನ್ನೂ ಹಾಕಿ, ಉಸಿರು ಬಿಟ್ಟ.

ಗಿರಿಜ ಕಾಫಿ ತಂದವಳು ಬಾಗಿಲಲ್ಲೇ ನಿಂತು ಕೇಳಿದಳು:

"ಇದು ನಿಂಗೆ ಮೊದ್ಲೇ ಗೊತ್ತಿತ್ತೇನಪ್ಪ?"

"ಮೂರು ವರ್ಷದಿಂದ ಟೆಂಡರ್ ಎಲ್ಲಾ ನಾನೇ ಹಾಕ್ತೀನಮ್ಮ. ಸೋಮವಾರ ಸಾರ್ ಫೋನಲ್ಲಿ ಹೇಳಿದಾಗ್ಲೇ ಗೊತ್ತಾತು."

"ಮತ್ತೆ ಬಿಸ್ಕತ್ತಿನ ದುಡ್ಡು ಯಾಕೆ ಕಳಿಸ್ದೆ?"

ಅವನು ನೆಲ ನೋಡಿದ. "ಮೇಷ್ಟ್ರು ಕೇಳಿದ್ರಮ್ಮ. ಅವರಿಗೆ ತಪ್ಪು ಅಂತ ಹೆಂಗ್ ಹೇಳಾದು?"

ಮುಂದಿನ ತಿಂಗಳು ಕಾಂಪೌಂಡಿನ ಕೆಲಸ ಅವನಿಗೇ ಸಿಕ್ಕಿತು. ಹತ್ತು ಜನರೂ ಉಳಿದುಕೊಂಡರು. ನನಗೆ ಮಾತ್ರ ಆ ದಿನದಿಂದ ನಿದ್ದೆ ಸರಿಯಾಗಿಲ್ಲ. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಪ್ರತಿ ಪಾಠದ ಕೊನೆಗೂ "ಎಲ್ಲಾದರೂ ತಪ್ಪಿದ್ದರೆ, ಅನುಮಾನ ಇದ್ದರೆ ಕೇಳ್ರಿ" ಎನ್ನುತ್ತಿದ್ದೆ. ಒಬ್ಬನೇ ಒಬ್ಬ ಒಂದು ದಿನವೂ ಕೈ ಎತ್ತಿದ್ದಿಲ್ಲ. ಅಷ್ಟು ಚೆನ್ನಾಗಿ ಪಾಠ ಮಾಡುತ್ತೇನೆ ಎಂದುಕೊಂಡೇ ನಿವೃತ್ತನಾಗಿದ್ದೆ.