ಅತ್ತೆಯ ಗುಟುಕು

ನಮ್ಮ ಸೋದರತ್ತೆಯ ಸಿಟ್ಟಿಗೆ ಹೆದರಿ ಕ್ಯಾನ್ಸರ್ ಓಡಿಹೋಯಿತು ಎಂದು ನಾನೆಂದರೆ, ಚಿಕಿತ್ಸೆ ಮಾಡಿದ ಮುಂಬೈ ಡಾಕ್ಟರರು ಬೇಸರ ಮಾಡಿಕೊಳ್ಳಬಾರದು. ರಾಮದುರ್ಗದಲ್ಲಿ ಸಂಸ್ಥಾನವಿದ್ದಾಗ ಅರಮನೆಯವರ ಮೇಲೆ, ಅದು ವಿಲೀನವಾದ ಮೇಲೆ ಸರಕಾರದ ಮೇಲೆ ಸಿಟ್ಟಾದವಳು ಅವಳು. ನಡುವೆ ಬಿಡುವು ಸಿಕ್ಕಾಗ ನಮ್ಮ ಮೇಲೆ.

ತಂಬಾಕು ಇಟ್ಟುಕೊಳ್ಳುತ್ತಿದ್ದ ದವಡೆಯಲ್ಲಿ ಹುಣ್ಣೆದ್ದು, ಅದು ನಾಲಿಗೆಗೂ ಹಬ್ಬಿ, ಮುಂಬೈಗೆ ಹೋಗಿ, ನಾಲಿಗೆಯ ಒಂದು ಅಂಚು ಕತ್ತರಿಸಿಕೊಂಡು, ರೋಗ ಸುಡುವ ರೇಡಿಯಂ ಹಾಕಿಸಿಕೊಂಡು ಬಂದಳು. ನಾಲಿಗೆಯ ಜತೆ ಬೈಗುಳವೂ ಕಡಿಮೆಯಾದೀತು ಎಂದು ಓಣಿಯವರು ಆಸೆಪಟ್ಟಿದ್ದರು, ಪಾಪ! ಕಡಿಮೆಯಾದದ್ದು ಊಟ. ನೀರು ಕುಡಿದರೆ ಮೂಗಿನಿಂದ ಬರುತ್ತಿತ್ತು. ಅನ್ನ ಗಂಟಲಲ್ಲಿ ಸಿಕ್ಕಿ ಕೆಮ್ಮಿಕೆಮ್ಮಿ ಸುಸ್ತಾಗುತ್ತಿದ್ದಳು. ಮಾತನಾಡಿಸಲು ಬಂದವರಾದರೂ ಸುಮ್ಮನಿರುತ್ತಿದ್ದರೇ? ಎದುರಿಗೇ ಕುಳಿತು, ಅವಳು ಹೇಗೆ ನುಂಗುತ್ತಾಳೆಂದು ಬಾಯಿ ತೆರೆದು ನೋಡುತ್ತಿದ್ದರು. ನನಗೇ ಮೈ ಉರಿಯುತ್ತಿತ್ತು. ಅತ್ತೆ ಅವರನ್ನೆಲ್ಲ ಬೈದು ಅಟ್ಟಿ, ಅಡಿಗೆಮನೆಯ ಕದ ಹಾಕಿಕೊಂಡು ಒಬ್ಬಳೇ ಉಣ್ಣತೊಡಗಿದಳು.

ಊರಿನ ಡಾಕ್ಟರರು ಒಂದು ದಿನ ಪರೀಕ್ಷೆಗೆ ಬಂದರು. ಚಮಚದಲ್ಲಿ ನೀರು ಕೊಟ್ಟು, ಅವಳ ಗಂಟಲ ಮೇಲೆ ಬೆರಳಿಡಲು ಕೈ ಚಾಚಿದರು. ನುಂಗುವಾಗ ಗಂಟಲು ಮೇಲೇರಿ ಇಳಿಯುತ್ತದೋ ಇಲ್ಲವೋ ತಿಳಿಯಬೇಕಿತ್ತಂತೆ.

“ಮೊದಲ ನೀವು ನುಂಗ್ರಿ. ನಾ ಬೆರಳಿಟ್ಟು ನೋಡ್ತೇನಿ,” ಎಂದಳು ಅತ್ತೆ.

ಡಾಕ್ಟರರು ಪಾಪ ನುಂಗಿದರು. ಗಾಬರಿಯಲ್ಲಿ ನೀರು ನೆತ್ತಿಗೇರಿ ಕೆಮ್ಮಿದರು.

“ನಿಮಗ ನೆಟ್ಟಗ ನುಂಗಲಿಕ್ಕೆ ಬರೂದಿಲ್ಲ. ನನಗೇನು ಪರೀಕ್ಷಾ ಮಾಡ್ತೀರಿ?”

ಆದರೂ ಅವರು ಬಿಡಲಿಲ್ಲ. ತೆಳ್ಳನೆಯದು ಒಲ್ಲದ ಗಂಟಲಿಗೆ ದಪ್ಪ ಗಂಜಿ ಇಳಿಯುತ್ತದೆ, ಗದ್ದವನ್ನು ಎದೆಗೆ ತಗ್ಗಿಸಿದರೆ ಕೆಮ್ಮು ಕಡಿಮೆ ಎಂದು ಕಂಡುಹಿಡಿದರು. ತಲೆ ತಗ್ಗಿಸುವುದು ನಮ್ಮ ಮನೆತನದಲ್ಲೇ ಇಲ್ಲವೆಂದು ಅತ್ತೆ ಅದಕ್ಕೂ ಜಗಳ ತೆಗೆದಳು. ಕದದ ಹಿಂದೆ ತಗ್ಗಿಸುತ್ತಿದ್ದಿರಬೇಕು, ಏಕೆಂದರೆ ಬರಬರುತ್ತ ಮೈ ತುಂಬಿಕೊಂಡಿತು. ಬೈಗುಳಕ್ಕೂ ಬಲ ಬಂತು.

ಆಮೇಲೆ ಮನೋಳಿಯ ಮುಸಲ್ಮಾನ ಲಾರಿ ಡ್ರೈವರನೊಬ್ಬ ಇದೇ ಚಿಕಿತ್ಸೆ ಮುಗಿಸಿ ಬಂದ. ಉಸಿರುಗಟ್ಟೀತೆಂಬ ಭಯಕ್ಕೆ ಬಾಯಿಗೆ ಏನೂ ಹಾಕದೆ ಒಣಗಿ ಕಡ್ಡಿಯಾಗಿದ್ದ. ಡಾಕ್ಟರರು ತಮ್ಮಿಂದಾಗದೆ ಅವನನ್ನು ನಮ್ಮ ಮನೆಯ ಕಟ್ಟೆಗೆ ಕರೆತಂದರು. ಮಡಿ ಮೈಲಿಗೆ ನೋಡುವ ಅತ್ತೆ ಏನನ್ನುತ್ತಾಳೋ ಎಂದು ನಾವು ಬಾಗಿಲಿಗೆ ಬಂದು ನಿಂತೆವು. ಹೇಳದೆ ಕೇಳದೆ ಕರೆತಂದದ್ದಕ್ಕೆ ಡಾಕ್ಟರರನ್ನು ಬೈದಳು. ತಾನು ಉಣ್ಣದೆ ಹೆಂಡತಿ ಮಕ್ಕಳನ್ನೂ ಉಪವಾಸ ಕೂಡಿಸಿದ್ದಕ್ಕೆ ಡ್ರೈವರನನ್ನು ಬೈದಳು.

“ಅಂಜಿಕಿ ಆಗತೈತ್ರೀ ಅವ್ವಾರ,” ಎಂದ ಅವನು, ಕೇಳಿಸದಷ್ಟು ಮೆಲ್ಲಗೆ.

ಅತ್ತೆ ಒಳಗೆ ಹೋಗಿ ಎರಡು ಬಟ್ಟಲು ಗಂಜಿ ತಂದಳು. ಬೀದಿಗೆ ಬೀದಿಯೇ ನೋಡುತ್ತಿರುವಾಗ ಅವನೆದುರು ಕುಳಿತು ಒಂದು ಚಮಚ ಬಾಯಿಗಿಟ್ಟಳು. ಅರ್ಧದಷ್ಟು ಗಂಜಿ ತುಟಿಯಿಂದ ಸುರಿಯಿತು. ಕೆಮ್ಮು ಬಂತು. ಅವಳು ಮುಖ ತಿರುಗಿಸಲಿಲ್ಲ.

“ನೋಡಪಾ, ನನಗೂ ಹಿಂಗ ಆಗ್ತದ. ಸತ್ತೇನೇನು? ಉಣ್ಣು.”

ಅವನು ಕಣ್ಣು ಮುಚ್ಚಿ ನುಂಗಿದ. ಒಂದಿಷ್ಟು ಇಳಿಯಿತು, ಒಂದಿಷ್ಟು ಗಡ್ಡದ ಮೇಲೆ ಹರಿಯಿತು. ಅತ್ತೆ ತನ್ನ ಸೆರಗಿನಿಂದ ಅದನ್ನು ಒರೆಸಿದಳು.