ಬಾಗಿಲಿಲ್ಲದ ಕಪ್‌ಬೋರ್ಡು

ಮೊಬೈಲ್ ಕೈಗೆ ಬಂದ ಮೇಲೆ ನನಗೆ ಇಂಗ್ಲಿಷ್ ಪದಗಳ ಮೂಲ ಹುಡುಕುವ ಹುಚ್ಚು ಹಿಡಿಯಿತು. ಮೊನ್ನೆ ಬೇಳೆ ಆರಿಸುತ್ತ ಓದಿದೆ: ಕಪ್‌ಬೋರ್ಡ್ ಎಂದರೆ ಮೂಲದಲ್ಲಿ ಕಪ್ಪುಗಳನ್ನಿಡುವ ಬರೀ ಹಲಗೆ. ಬಂದವರಿಗೆ ಕಾಣಲೆಂದೇ ಇಡುತ್ತಿದ್ದರಂತೆ. ಬಾಗಿಲು ಬಂದದ್ದು ಆಮೇಲೆ.

ಹಾವೇರಿಯ ನಮ್ಮ ಅಡುಗೆಮನೆಯಲ್ಲಿ ಈ ಐತಿಹಾಸಿಕ ತಪ್ಪನ್ನು ತಿದ್ದಲು ನಿರ್ಧರಿಸಿದೆ. ಸ್ಕ್ರೂಡ್ರೈವರ್ ಹಿಡಿದು ಎರಡೂ ಬಾಗಿಲು ಬಿಚ್ಚಿದೆ!

"ಯಾಕ, ಮನಿ ಖಾಲಿ ಮಾಡಾಕತ್ತೀಯೇನು?" ಎಂದರು ಯಜಮಾನರು.

"ಪದದ ಮೂಲಕ್ಕ ಹೊಂಟೇನ್ರಿ."

"ಹೋಗು. ಊಟದ ಹೊತ್ತಿಗೆ ಬಾ. ಹಾಂ, ಬ್ಯಾಡಗಿ ವೈನಿ ಫೋನ್ ಮಾಡಿದ್ರು. ಬಸ್ ಹತ್ಯಾರಂತ."

ನಾನು ತಿರುಗಿ ನೋಡಿದೆ. ಕಪ್‌ಬೋರ್ಡಿನೊಳಗೆ ಹಿಂದುಗಡೆ ಅದೇ ವೈನಿಯ, ಅಂದರೆ ನನ್ನ ನೆಗೆಣ್ಣಿ ಶಾಂತಕ್ಕನ, ಸ್ಟೀಲ್ ಡಬ್ಬಿ ಹೊಳೆಯುತ್ತಿತ್ತು. ಹೋದ ವರ್ಷ ಅದರ ತುಂಬ ಶೇಂಗಾ ಹೋಳಿಗೆ ಕೊಟ್ಟಿದ್ದರು. ಖಾಲಿ ಡಬ್ಬಿ ಹಿಂದಿರುಗಿಸಬಾರದಲ್ಲ! ಏನಾದರೂ ಮಾಡಿ ತುಂಬಿಕೊಡೋಣವೆಂದು ಮುಂದೂಡಿದೆ. ಅವರು ಕೇಳಿದಾಗ ನಾಚಿಕೆಯಾಗಿ, "ನಮ್ಮಲ್ಲಿ ಇಲ್ರಿ ಅಕ್ಕಾ, ರಾಣೆಬೆನ್ನೂರು ನಾದಿನಿ ಒಯ್ದಿರಬೇಕು" ಎಂದುಬಿಟ್ಟೆ. ಅಂದಿನಿಂದ ಬ್ಯಾಡಗಿಗೂ ರಾಣೆಬೆನ್ನೂರಿಗೂ ಮಾತಿಲ್ಲ.

ಬಾಗಿಲು ಮತ್ತೆ ಹಚ್ಚಲು ಹೋದರೆ ಸ್ಕ್ರೂಗಳು ಮೋರಿ ಪಾಲಾಗಿದ್ದವು. ಮಂಚದ ಕೆಳಗೆ ಬಚ್ಚಿಟ್ಟರೆ ಕಳ್ಳತನವೆನಿಸುತ್ತದೆ. ಎದುರಿಗೇ ಇಟ್ಟರೆ ಯಾರು ನೋಡುತ್ತಾರೆ! ಡಬ್ಬಿಯ ಸುತ್ತ ಹೆಸರು ಕೊರೆದಿದೆಯೇ ಎಂದು ತಡವಿದೆ. ಇರಲಿಲ್ಲ. ಅವಸರದಲ್ಲಿ ಬೋರಲು ಹಾಕಿ, ಮೇಲೊಂದು ಕಪ್ಪನ್ನು ಪ್ರತಿಷ್ಠಾಪಿಸಿದೆ.

ಶಾಂತಕ್ಕ ಬಂದರು. ನಾನು ಕಪ್‌ಬೋರ್ಡಿನ ಇತಿಹಾಸ ಸಾದ್ಯಂತ ವಿವರಿಸಿದೆ. ತಲೆದೂಗಿದರು.

"ಭಾಳ ಛಂದ ಕಾಣತಾವ. ಚಾ ನನಗ ಈ ಎತ್ತರದ್ದರಾಗ ಕೊಡವಾ" ಎಂದು ಆ ಕಪ್ಪನ್ನು ತಾವೇ ಎತ್ತಿದರು.

ಹೆಸರು ಡಬ್ಬಿಯ ತಳದಲ್ಲಿತ್ತು.

"ಶಾಂತವ್ವ, ಬ್ಯಾಡಗಿ" ಎಂದು ನಿಧಾನವಾಗಿ ಓದಿದರು. "ಕಪ್‌ಬೋರ್ಡಿನ ಮೂಲಾ ಹೇಳಿದಿ. ಇನ್ನ ಈ ಡಬ್ಬಿ ಮೂಲಾನೂ ಹೇಳಿಬಿಡು."

ಯಜಮಾನರು ಪೇಪರಿನ ಹಿಂದೆ ಮರೆಯಾದರು. ಅವರಿಗೆ ಅದೊಂದು ಬಾಗಿಲಿತ್ತು!

"ತಪ್ಪಾತ್ರಿ ಅಕ್ಕಾ. ಒಯ್ರಿ."

"ಖಾಲಿ ಡಬ್ಬಿ ಒಯ್ಯೂದಿಲ್ಲ ನಾ" ಎಂದು ಅವರು ಚಕ್ಕಳಮಕ್ಕಳ ಹಾಕಿ ಕುಳಿತರು.

ಸಂಜೆಯವರೆಗೂ ಕರ್ಚಿಕಾಯಿ ಕರಿದೆ. ಅರ್ಧ ಅವರ ಡಬ್ಬಿಗೆ. ಉಳಿದರ್ಧ ನಾಳೆ ರಾಣೆಬೆನ್ನೂರಿಗೆ, ಕ್ಷಮೆಯೊಂದಿಗೆ.

ಕಪ್‌ಬೋರ್ಡಿಗೆ ಬಾಗಿಲು ಯಾಕೆ ಬಂತೆಂದು ಮೊಬೈಲಿನಲ್ಲಿ ಇರಲಿಲ್ಲ. ಈಗ ನನಗೆ ಗೊತ್ತು. ಮೊದಲು ಬಾಗಿಲು ಹಚ್ಚಿಸಿದವಳಿಗೂ ಒಬ್ಬ ನೆಗೆಣ್ಣಿ ಇದ್ದಿರಬೇಕು.